ಟವೆಲ್ ಕೆಳಗಿನ ಬೆಲೆ: ಒಂದು ಲೇಸ್ ಶಾಲಿನ ಲೆಕ್ಕ

ಇವತ್ತಿನ ಸಂಚಿಕೆಗೆ ಮುಂಚೆ ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ನು ಪೇಪರ್ ಬೇಡ, ಕೇಳ್ತಾ ಹೋಗಿ ಸಾಕು.

ಬಣ್ಣಬಣ್ಣದ ರೇಷ್ಮೆ ನೂಲಿನಲ್ಲಿ ಕೈಯಲ್ಲೇ ಹೆಣೆದ ಒಂದು ಲೇಸ್ ಶಾಲು ಇದೆ ಅಂದ್ಕೊಳ್ಳಿ. ತೂಕ ಬರೀ 100 ಗ್ರಾಂ. ಗೂಡಿನಿಂದ ಬಿಚ್ಚಿದ ಹಸಿ ರೇಷ್ಮೆಯಲ್ಲಿ ಸೆರಿಸಿನ್ ಅನ್ನೋ ಅಂಟು ಇರುತ್ತೆ. ಬಣ್ಣ ಹಾಕೋಕೆ ಮೊದಲು ಸೋಪಿನ ನೀರಲ್ಲಿ ಕುದಿಸಿ ಅದನ್ನ ತೆಗೀಬೇಕು. ತೂಕದಲ್ಲಿ ಸುಮಾರು ಕಾಲು ಭಾಗ ಅಲ್ಲೇ ಕರಗಿ ಹೋಗುತ್ತೆ. ಅಂದ್ರೆ 100 ಗ್ರಾಂ ಶಾಲಿಗೆ ಸುಮಾರು 133 ಗ್ರಾಂ ಹಸಿ ರೇಷ್ಮೆ ಬೇಕು. ನಮ್ಮ ಕಡೆಯ ಮಿಶ್ರತಳಿ ಗೂಡಾದ್ರೆ ಒಂದು ಕೆಜಿ ರೇಷ್ಮೆ ತೆಗೆಯೋಕೆ ಏಳೆಂಟು ಕೆಜಿ ಗೂಡು ಹೋಗುತ್ತೆ. ಗುಣಿಸಿ ನೋಡಿ, ಒಂದು ಶಾಲಿಗೆ ಹೆಚ್ಚೂಕಮ್ಮಿ ಒಂದು ಕೆಜಿ ಗೂಡು. ಒಂದೊಂದು ಗೂಡು ಒಂದೂವರೆಯಿಂದ ಎರಡು ಗ್ರಾಂ ತೂಗುತ್ತೆ. ಹಾಗಾದ್ರೆ ಆ ಒಂದು ಶಾಲಿನ ಹಿಂದೆ 500ರಿಂದ 650 ಹುಳುಗಳಿವೆ.

ಹುಳುವಿನ ಲೆಕ್ಕ ಸಿಕ್ತು. ಮನುಷ್ಯರ ಲೆಕ್ಕ? ಸೊಪ್ಪು ಕೊಯ್ದವರು, ಹುಳು ಸಾಕಿದವರು, ಕುದಿಯೋ ನೀರಿಗೆ ಕೈ ಹಾಕಿ ನೂಲು ಬಿಚ್ಚಿದವರು, ವಾರಗಟ್ಟಲೆ ಕೂತು ಹೆಣೆದವರು. ಇವರಲ್ಲಿ ಯಾರಿಗೆ ಎಷ್ಟು ಸಿಕ್ತು? ಅದನ್ನ ಯಾರು ತೀರ್ಮಾನ ಮಾಡಿದ್ರು? ಇವತ್ತಿನ ಕಥೆ ಇದೇ. ಮಂಡ್ಯದಿಂದ ಶುರುವಾಗಿ, ಸ್ಕಾಟ್ಲೆಂಡ್‌ನ ಉತ್ತರದ ದ್ವೀಪಗಳಿಗೆ ಹೋಗಿ, ಆಂಧ್ರದ ಗೋದಾವರಿ ತೀರ ಮುಟ್ಟಿ, ಮತ್ತೆ ಮಂಡ್ಯಕ್ಕೇ ಬರ್ತೀವಿ.

ತೂತಿಗೂ ಒಂದು ಲೆಕ್ಕ

ಮೊದಲು ಲೇಸ್ ಅಂದ್ರೇನು ಅಂತ ನೋಡೋಣ. ಸರಳವಾಗಿ ಹೇಳೋದಾದ್ರೆ, ಲೆಕ್ಕ ಹಾಕಿ ಬಿಟ್ಟ ತೂತು.

ನೇಯ್ಗೆಯಲ್ಲಿ ಎರಡು ಥರದ ದಾರ ಇರುತ್ತೆ, ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೆಣಿಗೆಯಲ್ಲಿ ಹಾಗಲ್ಲ. ಇರೋದು ಒಂದೇ ದಾರ. ಅದನ್ನ ಕಡ್ಡಿಯ ಮೇಲೆ ಕುಣಿಕೆ ಕುಣಿಕೆಯಾಗಿ ಏರಿಸಿ, ಒಂದರೊಳಗಿಂದ ಇನ್ನೊಂದನ್ನ ಎಳೀತಾ ಹೋಗ್ತಾರೆ. ಲೇಸ್ ಹೆಣೆಯುವಾಗ ಒಂದು ಕಡೆ ದಾರವನ್ನ ಕಡ್ಡಿಗೆ ಸುಮ್ಮನೆ ಒಂದು ಸುತ್ತು ಹೆಚ್ಚಾಗಿ ಹಾಕ್ತಾರೆ. ಅಲ್ಲಿ ಒಂದು ತೂತು ಬರುತ್ತೆ, ಜೊತೆಗೆ ಒಂದು ಕುಣಿಕೆ ಜಾಸ್ತಿ ಆಗುತ್ತೆ. ಹಾಗೇ ಬಿಟ್ರೆ ಶಾಲು ಅಗಲ ಆಗ್ತಾ ಹೋಗುತ್ತೆ. ಅದಕ್ಕೇ ಪಕ್ಕದಲ್ಲೆಲ್ಲೋ ಎರಡು ಕುಣಿಕೆ ಸೇರಿಸಿ ಒಂದು ಮಾಡಬೇಕು. ಕಾಮರ್ಸ್ ಓದಿದವರಿಗೆ ತಕ್ಷಣ ಹೊಳೆಯುತ್ತೆ, ಇದು ಡೆಬಿಟ್–ಕ್ರೆಡಿಟ್. ಪ್ರತಿ ತೂತಿಗೂ ಎದುರಿಗೊಂದು ಜಮಾ ಇರಲೇಬೇಕು. ಒಂದು ಸಾಲಲ್ಲಿ ತಾಳೆ ತಪ್ಪಿದ್ರೆ ಮುಂದಿನ ಸಾಲುಗಳೆಲ್ಲ ತಪ್ಪುತ್ತೆ. ತೂತನ್ನ ಎಲ್ಲಿ ಬಿಡಬೇಕು, ಎದುರಿನ ಜಮಾ ಎಲ್ಲಿ ತಗೋಬೇಕು ಅನ್ನೋದರಲ್ಲೇ ಎಲೆ, ಅಲೆ, ವಜ್ರದಾಕಾರ ಎಲ್ಲ ಹುಟ್ಟೋದು. ಡಿಸೈನ್ ಅಂದ್ರೆ ಅದೇ.

ಕಡ್ಡಿಯಿಂದ ಇಳಿಸಿದಾಗ ಲೇಸ್ ಶಾಲು ಮುದುಡಿದ ಚಿಂದಿ ಥರ ಕಾಣುತ್ತೆ. ಒದ್ದೆ ಮಾಡಿ, ನಾಲ್ಕೂ ಕಡೆ ಎಳೆದು, ಪಿನ್ ಚುಚ್ಚಿ ಒಣಗಿಸಿದ ಮೇಲೇ ಒಳಗಿನ ಚಿತ್ರ ಬಿಚ್ಚಿಕೊಳ್ಳೋದು.

ನಮ್ಮ ಕಡೆ ಶಾಲು ಅಂದ್ರೆ ನೇಯ್ದದ್ದು. ಸನ್ಮಾನದಲ್ಲಿ ಹೊದಿಸೋ ಶಾಲು, ರೈತ ಸಂಘದವರ ಹೆಗಲ ಮೇಲಿನ ಹಸಿರು ಶಾಲು ಎಲ್ಲ ಮಗ್ಗದಿಂದಲೇ ಬಂದವು. ಕಾಶ್ಮೀರದ ಪಶ್ಮಿನಾ ಕೂಡ ಹೆಣೆದದ್ದಲ್ಲ, ನೇಯ್ದದ್ದು. ಕಡ್ಡಿಯಲ್ಲಿ ಹೆಣೆಯೋದು, ಕೊಕ್ಕೆಯಲ್ಲಿ ಕ್ರೋಶ ಹಾಕೋದು ನಮ್ಮ ದೇಶದಲ್ಲಿ ಹರಡಿದ್ದು ಬಹುಪಾಲು ಮಿಷನರಿ ಶಾಲೆಗಳಿಂದ, ಬ್ರಿಟಿಷರ ಮನೆಗಳಿಂದ. ಆದ್ರೆ ನೂಲು ನಮ್ಮದೇ. ಅದರ ಕಥೆ ಹಳೇದು.

ಶ್ರೀರಂಗಪಟ್ಟಣಕ್ಕೆ ಬಂದ ಹುಳು

ಮಂಡ್ಯ ಅಂದ್ರೆ ಕಬ್ಬು, ಭತ್ತ, ಬೆಲ್ಲ ಅಂತ ಎಲ್ಲರಿಗೂ ಗೊತ್ತು. ಆದ್ರೆ ರೇಷ್ಮೆಯ ಕಥೆಯಲ್ಲೂ ನಮ್ಮ ಜಿಲ್ಲೆಗೆ ದೊಡ್ಡ ಜಾಗ ಇದೆ. ಜಿಲ್ಲೆ ಆಗಿದ್ದು 1939ರಲ್ಲಿ. ರೇಷ್ಮೆ ಅದಕ್ಕಿಂತ ಒಂದೂವರೆ ಶತಮಾನ ಹಿಂದಿನದು.

1780ರ ದಶಕ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್. ಅವನ ಪತ್ರಗಳನ್ನ ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಅನ್ನೋ ಇಂಗ್ಲಿಷ್ ಸೇನಾಧಿಕಾರಿ ಅನುವಾದ ಮಾಡಿ 1811ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ರೇಷ್ಮೆ ಹುಳುವಿನ ವಿಷಯವೂ ಬರುತ್ತೆ. ಹುಳು ತರೋಕೆ ಬಂಗಾಳಕ್ಕೆ ಜನ ಕಳಿಸಿದ್ದೀವಿ, ಅವರು ವಾಪಸ್ ಬರ್ತಿದ್ದಾರೆ, ಸಾಕೋಕೆ ಸರಿಯಾದ ಜಾಗ ನೋಡಿ ಅಂತ ಕೋಟೆಯ ಅಧಿಕಾರಿಗೆ ಸೂಚನೆ. ಆಮೇಲೆ ರಾಜ್ಯದ 21 ಕಡೆ ರೇಷ್ಮೆ ಸಾಕಣೆ ಶುರು ಮಾಡಿಸಿದ ಅಂತ ಇತಿಹಾಸದ ಪುಸ್ತಕಗಳು ಹೇಳ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಸರ್ಕಾರಿ ಬೆಂಬಲ ಹೋದರೂ ಹುಳು ಹೋಗಲಿಲ್ಲ. ರೈತರ ಮನೆಯೊಳಗೆ ಉಳ್ಕೊಂಡಿತು.

ಮುಂದೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಮೈಸೂರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು. ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಮೈಸೂರು ಸಿಲ್ಕ್ ಅನ್ನೋ ಹೆಸರು ಅಲ್ಲಿಂದ ಬೆಳೀತು. 2005ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ತು.

ಈಗ ನಕ್ಷೆ ಕಣ್ಮುಂದೆ ತಂದ್ಕೊಳ್ಳಿ. ಮಳವಳ್ಳಿಯಿಂದ ದಕ್ಷಿಣಕ್ಕೆ ಹೋಗಿ ಶಿವನಸಮುದ್ರದ ಹತ್ತಿರ ಕಾವೇರಿ ದಾಟಿದ್ರೆ ಕೊಳ್ಳೇಗಾಲ, ರೇಷ್ಮೆ ಮಗ್ಗದ ಊರು. 1956ರವರೆಗೂ ಅದು ಮದ್ರಾಸ್ ರಾಜ್ಯದಲ್ಲಿತ್ತು, ಅಂದ್ರೆ ಹೊಳೆ ದಾಟಿದ್ರೆ ಬೇರೆ ರಾಜ್ಯ. ಮದ್ದೂರಿಂದ ಬೆಂಗಳೂರು ದಾರಿ ಹಿಡಿದ್ರೆ ಚನ್ನಪಟ್ಟಣ, ಆಮೇಲೆ ರಾಮನಗರ. ಏಷ್ಯಾದ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆ ಅಂತ ಹೆಸರಾದ ಊರು. ಮದ್ದೂರು, ಮಳವಳ್ಳಿ ಸೀಮೆ ಇವುಗಳ ನಡುವೆ ಕೂತಿದೆ. ಸೀರೆಗೆ ಹೆಸರು ಮೈಸೂರದು, ಮಗ್ಗ ಕೊಳ್ಳೇಗಾಲದ್ದು, ಮಾರ್ಕೆಟ್ಟು ರಾಮನಗರದ್ದು. ಹುಳು ಮಾತ್ರ ನಮ್ಮ ಹಳ್ಳಿಗಳದ್ದು.

ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ಈ ಮಾತುಗಳು ಗೊತ್ತಿರುತ್ತೆ. ಹುಳು ಪೊರೆ ಬಿಡೋದಕ್ಕೆ ನಾವು 'ಜ್ವರ' ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತೆ ನೋಡಿ ನಿಜವಾದ ಕೆಲಸ. ಹುಳು ತನ್ನ ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ 80 ಪರ್ಸೆಂಟಿಗೂ ಹೆಚ್ಚು ಈ ಕೊನೆಯ ಹಂತದಲ್ಲೇ ತಿನ್ನುತ್ತೆ. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹಿಕ್ಕೆ ತೆಗೀಬೇಕು. ಹುಳು ಹಣ್ಣಾದ ಮೇಲೆ ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಇದರಲ್ಲಿ ದೊಡ್ಡ ಪಾಲು ಕೆಲಸ ಹೆಂಗಸರದ್ದು. ಅಡುಗೆ ಮಧ್ಯೆ, ಮಕ್ಕಳ ಮಧ್ಯೆ, ದನದ ಕೊಟ್ಟಿಗೆ ಮಧ್ಯೆ. ಮನೆಯೊಳಗೆ ನಡೆಯೋದರಿಂದ ಅದನ್ನ ಯಾರೂ 'ಕೆಲಸ' ಅಂತ ಬರೆದಿಡಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗೂಡಿಗೆ ಒಂದು ದೊಡ್ಡ ಕಷ್ಟ ಇದೆ. ಅದು ಕಾಯಲ್ಲ. ಕೆಲವೇ ದಿನ ಬಿಟ್ರೆ ಒಳಗಿನ ಚಿಟ್ಟೆ ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ. ಆಮೇಲೆ ಉದ್ದನೆಯ ಎಳೆ ಬಿಚ್ಚೋಕೆ ಆಗಲ್ಲ. ಅಂದ್ರೆ ಮಾರೋನಿಗೆ ಆತುರ, ಕೊಳ್ಳೋನಿಗೆ ಆರಾಮ. ವ್ಯಾಪಾರದಲ್ಲಿ ಯಾರಿಗೆ ಆತುರವೋ ಅವರೇ ಸೋಲೋದು.

ನಮ್ಮ ಕಡೆ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸೋದನ್ನ ಹಿರಿಯರು ನೋಡಿರ್ತಾರೆ. ಬೆರಳಿಗೆ ಬೆರಳು ಮಾತಾಡುತ್ತೆ, ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗಲ್ಲ. ಗೂಡಿನ ವ್ಯಾಪಾರವೂ ಒಂದು ಕಾಲಕ್ಕೆ ಇದರ ಅಣ್ಣತಮ್ಮನೇ. ಮನೆ ಬಾಗಿಲಿಗೆ ಬಂದ ಒಬ್ಬ ವ್ಯಾಪಾರಿ, ಅವನದೇ ತಕ್ಕಡಿ, ಹಿಂದೆ ಕೊಟ್ಟಿದ್ದ ಸಾಲ, ಅವನು ಹೇಳಿದ್ದೇ ದರ.

ಅದನ್ನ ಬದಲಾಯಿಸಿದ್ದು ಕಾನೂನು. ರೇಷ್ಮೆ ಬಿತ್ತನೆ ಮತ್ತು ಗೂಡಿನ ಉತ್ಪಾದನೆ, ಹಂಚಿಕೆ ಎಲ್ಲ ನಿಯಂತ್ರಿಸೋ ಕಾಯ್ದೆ 1959ರಲ್ಲಿ ನಮ್ಮ ರಾಜ್ಯದಲ್ಲಿ ಬಂತು. ಮುಂದೆ ರೇಷ್ಮೆ ನೂಲೂ ಅದರೊಳಗೆ ಸೇರಿತು. 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ, 1980ರಲ್ಲಿ ವಿಶ್ವಬ್ಯಾಂಕ್ ನೆರವಿನ ರೇಷ್ಮೆ ಯೋಜನೆ. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಲೈಸೆನ್ಸ್ ಇರೋ ರೀಲರುಗಳು ಎಲ್ಲರೆದುರು ಹರಾಜು ಕೂಗಬೇಕು. ತೂಕ ಇಲಾಖೆಯದ್ದು. ರೈತನಿಗೆ ಬೆಲೆ ಒಪ್ಪಿಗೆ ಆಗದಿದ್ರೆ ಬೇಡ ಅನ್ನೋ ಹಕ್ಕಿದೆ. ಈಗಂತೂ ಇ-ಹರಾಜು. ಟವೆಲ್ ಕೆಳಗಿದ್ದ ಬೆಲೆ ಬೋರ್ಡಿನ ಮೇಲೆ ಬಂತು.

ಇದು ಎಷ್ಟು ದೊಡ್ಡ ಬದಲಾವಣೆ ಅಂತ ಅರ್ಥ ಆಗಬೇಕಾದ್ರೆ ಬೋರ್ಡೇ ಇಲ್ಲದ ಊರಿನ ಕಥೆ ಕೇಳಬೇಕು. ಲೇಸ್ ಶಾಲಿನ ತವರಿನ ಕಥೆ.

ಉಂಗುರದಲ್ಲಿ ತೂರೋ ಶಾಲು, ಕೈಗೆ ಬಾರದ ಕಾಸು

ಶೆಟ್ಲೆಂಡ್ ಅನ್ನೋದು ಸ್ಕಾಟ್ಲೆಂಡಿನ ಉತ್ತರಕ್ಕಿರೋ ದ್ವೀಪಗಳ ಗುಂಪು. ಗಾಳಿ, ಚಳಿ, ಸಮುದ್ರ. ಗಂಡಸರು ಮೀನು ಹಿಡಿಯೋಕೆ ಹೋಗ್ತಿದ್ರು, ಹೆಂಗಸರು ಹೊಲ, ದನ, ಮನೆ ನೋಡ್ಕೊಂಡು ಕೈಗೆ ಬಿಡುವು ಸಿಕ್ಕಾಗೆಲ್ಲ ಹೆಣೀತಿದ್ರು. ಬೆನ್ನ ಮೇಲೆ ಬುಟ್ಟಿ ಹೊತ್ತು ನಡೀತಾ ನಡೀತಾನೇ ಹೆಣೆಯೋ ಹೆಂಗಸರ ಹಳೇ ಫೋಟೋಗಳಿವೆ. ಅಲ್ಲಿನ ಕುರಿಯ ಕತ್ತಿನ ಹತ್ತಿರದ ಉಣ್ಣೆ ತುಂಬ ಮೃದು. ಅದನ್ನ ಕೂದಲೆಳೆಯಷ್ಟು ತೆಳ್ಳಗೆ ನೂತು ಹೆಣೆದ ಶಾಲು, ಆಳುದ್ದ ಅಗಲ ಇದ್ರೂ ಮದುವೆ ಉಂಗುರದೊಳಗೆ ತೂರಿ ಹೊರಗೆ ಬರುತ್ತೆ. ಅನ್ಸ್ಟ್ ಅನ್ನೋ ದ್ವೀಪ ಇದಕ್ಕೆ ಇವತ್ತಿಗೂ ಹೆಸರುವಾಸಿ. ಡಿಸೈನುಗಳ ಹೆಸರು ಕೇಳಿ: ಬೆಕ್ಕಿನ ಪಾದ, ಕುದುರೆ ಲಾಳ, ಅಲೆಯ ಗುರುತು. ಅಮ್ಮನ ಕೈ ನೋಡಿ ಮಗಳು ಕಲಿತದ್ದು. ಕಾಗದದ ಮೇಲಲ್ಲ, ನೆನಪಿನಲ್ಲಿ ಇಟ್ಕೊಂಡದ್ದು.

ಈ ಹೆಣಿಗೆಗೆ ಲಂಡನ್ನಿನಲ್ಲಿ ಹೆಸರು ತಂದವರಲ್ಲಿ ಆರ್ಥರ್ ಆಂಡರ್ಸನ್ ಒಬ್ಬ. ಶೆಟ್ಲೆಂಡ್‌ನಲ್ಲೇ ಹುಟ್ಟಿದವನು, ಮುಂದೆ ಭಾರತಕ್ಕೆ ಟಪಾಲು ಹಡಗು ಓಡಿಸಿದ ಪಿ ಅಂಡ್ ಒ ಕಂಪನಿಯ ಸ್ಥಾಪಕರಲ್ಲಿ ಒಬ್ಬ. 1830ರ ದಶಕದ ಕೊನೆಯಲ್ಲಿ ಅವನು ತನ್ನೂರಿನ ನಾಜೂಕು ಹೆಣಿಗೆಯನ್ನ ವಿಕ್ಟೋರಿಯಾ ರಾಣಿಗೆ ಉಡುಗೊರೆ ಕೊಟ್ಟ. ರಾಣಿ ಹಾಕ್ಕೊಂಡ ಮೇಲೆ ಕೇಳಬೇಕಾ? ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ನಾವೇ ಕಂಡುಹಿಡಿದದ್ದು ಅಂದ್ಕೊಂಡಿದ್ದೀವಿ ಅಷ್ಟೇ. ಶೆಟ್ಲೆಂಡ್ ಶಾಲು ಫ್ಯಾಷನ್ ಆಯ್ತು.

ಹಾಗಾದ್ರೆ ಹೆಣೆದವಳು ಚೆನ್ನಾಗಿ ಬದುಕಿರಬೇಕು ಅಲ್ವಾ?

1872ರಲ್ಲಿ ಬ್ರಿಟಿಷ್ ಸರ್ಕಾರದ ಒಂದು ವಿಚಾರಣಾ ವರದಿ ಬಂತು. ವಿಲಿಯಂ ಗತ್ರಿ ಅನ್ನೋ ಕಮಿಷನರ್ ಶೆಟ್ಲೆಂಡಿಗೆ ಹೋಗಿ ಸಾಕ್ಷಿಗಳನ್ನ ಕೂರಿಸಿ ಕೇಳಿದ. ವಿಷಯ 'ಟ್ರಕ್' ಪದ್ಧತಿ. ಟ್ರಕ್ ಅಂದ್ರೆ ಲಾರಿ ಅಲ್ಲ, ಕೂಲಿಯನ್ನ ದುಡ್ಡಲ್ಲಿ ಕೊಡದೆ ಸಾಮಾನಲ್ಲಿ ಕೊಡೋದು. ಹೆಣೆದವಳು ಶಾಲು ತಂದು ಅಂಗಡಿಗೆ ಕೊಡ್ತಾಳೆ. ಅಂಗಡಿಯವನು ಇಷ್ಟು ಬೆಲೆ ಅಂತಾನೆ, ಆದ್ರೆ ಕಾಸು ಕೊಡಲ್ಲ. ನನ್ನ ಅಂಗಡಿಯಲ್ಲೇ ಅಷ್ಟಕ್ಕೆ ಸಾಮಾನು ತಗೋ ಅಂತಾನೆ. ಇರೋದು ಬಟ್ಟೆ, ಟೀ ಪುಡಿ ಇಂಥವೇ. ಈಗಲೇ ಬೇಡ ಅಂದ್ರೆ ಒಂದು ಚೀಟಿ ಬರೆದು ಕೊಡ್ತಾನೆ, ಆಮೇಲೆ ಬಂದು ಇಲ್ಲೇ ತೀರಿಸ್ಕೋ ಅಂತ. ಮನೆಗೆ ಬೇಕಿರೋದು ಹಿಟ್ಟು, ಬಾಡಿಗೆಗೆ ಕಾಸು. ಅದಕ್ಕೆ ಆ ಹೆಂಗಸು ಟೀ ಪುಡಿ ಹೊತ್ಕೊಂಡು ಹೋಗಿ ಯಾರಿಗಾದ್ರೂ ಕೊಟ್ಟು ಹಿಟ್ಟು ತರಬೇಕು. ಮೈ ಮೇಲೆ ಒಳ್ಳೇ ಬಟ್ಟೆ, ಹೊಟ್ಟೆಗೆ ಮಾತ್ರ ತಾಪತ್ರಯ ಅನ್ನೋ ಚಿತ್ರ ಆ ವಿಚಾರಣೆಯಲ್ಲಿ ಕಾಣುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಹೆಂಗಸರಿಗೆ ಕಲೆ ಕಮ್ಮಿ ಇರಲಿಲ್ಲ, ಡಿಮ್ಯಾಂಡ್ ಕಮ್ಮಿ ಇರಲಿಲ್ಲ. ರಾಣಿಯೇ ಗಿರಾಕಿ. ಆದ್ರೂ ಬೆಲೆ ಹೇಳೋನು ಅವನೇ, ಸಾಮಾನು ಮಾರೋನೂ ಅವನೇ. ಎರಡು ಕಡೆಯೂ ಅವನಿಗೇ ಲಾಭ. 1887ರಲ್ಲಿ ಟ್ರಕ್ ಕಾನೂನು ಇನ್ನಷ್ಟು ಬಿಗಿಯಾಯ್ತು. ಆದ್ರೂ ಮನೆಯಲ್ಲಿ ಕೂತು ಹೆಣೆಯೋರ ವಿಷಯದಲ್ಲಿ ಹಳೇ ಅಭ್ಯಾಸ ಪೂರ್ತಿ ಹೋಗೋಕೆ ಇನ್ನೂ ಎಷ್ಟೋ ವರ್ಷ ಹಿಡೀತು.

ಗೋದಾವರಿ ತೀರದ 'ಗೃಹಿಣಿಯರು'

ಈಗ ಹತ್ತಿರಕ್ಕೆ ಬರೋಣ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಅಲ್ಲಿನ ಬಡ ಹೆಂಗಸರಿಗೆ ಕ್ರೋಶ ಲೇಸ್ ಕಲಿಸಿದ್ರು. ಅದು ಸುತ್ತಮುತ್ತಲ ಹಳ್ಳಿಗಳಿಗೆ ಹರಡಿ ರಫ್ತಿನ ದೊಡ್ಡ ಉದ್ಯಮವೇ ಆಯ್ತು.

1970ರ ದಶಕದ ಕೊನೆಯಲ್ಲಿ ಮರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಬಂದು ಅಧ್ಯಯನ ಮಾಡಿದ್ರು. 1982ರಲ್ಲಿ ಪುಸ್ತಕ ಬಂತು. ಅವರ ಪ್ರಕಾರ ಆ ಸೀಮೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಲೇಸ್ ಹೆಣೀತಿದ್ರು. ದಿನಕ್ಕೆ ಆರರಿಂದ ಎಂಟು ಗಂಟೆ, ಅದೂ ಮನೆಗೆಲಸದ ಮೇಲೆ. ಕೂಲಿ ಪೀಸ್ ಲೆಕ್ಕ. ದಿನದ ಲೆಕ್ಕಕ್ಕೆ ಇಳಿಸಿ ನೋಡಿದ್ರೆ ಹೊಲದ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಕೂಲಿಗಿಂತ ಎಷ್ಟೋ ಕಮ್ಮಿ. ನೂಲು ತಂದು ಕೊಡೋನು ಬೇರೆ, ಬಿಡಿ ಭಾಗಗಳನ್ನ ಜೋಡಿಸೋರು ಬೇರೆ, ರಫ್ತು ಮಾಡೋನು ಬೇರೆ. ಹೆಣೆದವಳಿಗೆ ತನ್ನ ಲೇಸ್ ಎಲ್ಲಿಗೆ ಹೋಗುತ್ತೆ, ಎಷ್ಟಕ್ಕೆ ಮಾರಾಟ ಆಗುತ್ತೆ ಅನ್ನೋದೇ ಗೊತ್ತಿಲ್ಲ.

ಇದೆಲ್ಲ ನಡೀತಿದ್ದದ್ದು ಒಂದು ಪದದ ಮರೆಯಲ್ಲಿ: ಗೃಹಿಣಿ. 'ಅವರೇನು ಕೆಲಸಗಾರರಲ್ಲ, ಮನೆಯಲ್ಲಿರೋ ಹೆಂಗಸರು, ಬಿಡುವಿನಲ್ಲಿ ಮಾಡ್ತಾರೆ.' ಬಿಡುವಿನ ಕೆಲಸ ಅಂದ ತಕ್ಷಣ ಕೂಲಿ ಕಾನೂನು ಇಲ್ಲ, ಲೆಕ್ಕ ಇಲ್ಲ, ಪುಸ್ತಕದಲ್ಲಿ ಹೆಸರೂ ಇಲ್ಲ. ಶೆಟ್ಲೆಂಡ್‌ನಲ್ಲಿ ಬೆಲೆಯನ್ನ ಟೀ ಪುಡಿ ಮುಚ್ಚಿತ್ತು. ನರಸಾಪುರದಲ್ಲಿ ಬಿಡುವು ಅನ್ನೋ ಮಾತು ಮುಚ್ಚಿತು. ಟವೆಲ್ ಬೇರೆ ಬೇರೆ, ಕೆಳಗಿನ ಬೆರಳು ಒಂದೇ.

ಬೋರ್ಡ್ ತಲುಪದ ಜಾಗ

ಈಗ ವಾಪಸ್ ನಮ್ಮ ರೇಷ್ಮೆಗೆ. ಗೂಡಿನ ಬೆಲೆ ಬೋರ್ಡಿಗೆ ಬಂತು ಅಂದೆ. ಅದು ನಿಜ. ಆದ್ರೆ ಆ ಬೋರ್ಡ್ ಎಲ್ಲಿಯವರೆಗೆ ತಲುಪಿತು ಅಂತಲೂ ನೋಡಬೇಕು.

ಗೂಡು ಮಾರುಕಟ್ಟೆ ದಾಟಿದ ಮೇಲೆ ರೀಲಿಂಗ್ ಘಟಕಕ್ಕೆ ಹೋಗುತ್ತೆ. ಬಿಸಿ ನೀರು, ಆವಿ, ಸತ್ತ ಹುಳುವಿನ ವಾಸನೆ, ಬೆರಳ ತುದಿ ಬೆಂದು ಬಿರುಕು ಬಿಡೋ ಕೆಲಸ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತದ ಮಕ್ಕಳ ಬಗ್ಗೆ ವರದಿ ಹೊರತಂದಿತು. ಕರ್ನಾಟಕ ಅದರಲ್ಲಿ ಮುಖ್ಯವಾಗಿತ್ತು. ಮನೆಯವರು ತಗೊಂಡ ಮುಂಗಡಕ್ಕೆ ಮಕ್ಕಳು ದುಡೀತಿದ್ರು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಂದ್ರೆ ಕಾನೂನು ಬಂದು 27 ವರ್ಷ ಆದ ಮೇಲೂ 'ಮುಂಗಡ' ಅನ್ನೋ ಟವೆಲ್ ಹಾಗೇ ಇತ್ತು.

ಇನ್ನೊಂದು ಕಡೆ ಹುಳುಮನೆ. ಗೂಡಿಗೆ ಬೆಲೆ ಸಿಕ್ತು, ಚೆನ್ನಾಗೇ ಸಿಕ್ತು. ಆದ್ರೆ ದುಡ್ಡು ಸಾಮಾನ್ಯವಾಗಿ ಹೋಗೋದು ಮಾರುಕಟ್ಟೆಗೆ ಹೋದವರ ಹೆಸರಿಗೆ, ಜಮೀನಿನ ಹೆಸರಿದ್ದವರ ಖಾತೆಗೆ. ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕಿದವಳ ಗಂಟೆಗಳು ಯಾವ ಬಿಲ್ಲಿನಲ್ಲೂ ಇಲ್ಲ. ನರಸಾಪುರದ ಆ ಪದ ಇಲ್ಲೂ ಇದೆ. ಹರಾಜು ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ರೈತನಿಗೂ ವ್ಯಾಪಾರಿಗೂ ನಡುವಿನ ಟವೆಲ್ ತೆಗೀತು. ಮನೆಯೊಳಗಿನ ಟವೆಲ್ ತೆಗೆಯೋದು ಹರಾಜಿನ ಕೆಲಸವಲ್ಲ.

60 ಗಂಟೆಯ ಬಿಲ್

ಇದೆಲ್ಲ ಹಳೇ ಕಥೆ, ನನಗೇನು ಅಂತ ಕೇಳಬಹುದು. ಇನ್‌ಸ್ಟಾಗ್ರಾಂ ತೆಗೀರಿ. ಮಂಡ್ಯ, ಮದ್ದೂರು, ಮಳವಳ್ಳಿ ಯಾವ ಊರಲ್ಲೇ ಆಗಲಿ, ಯೂಟ್ಯೂಬ್ ನೋಡಿ ಕ್ರೋಶ ಕಲಿತು, ಬಣ್ಣದ ನೂಲು ತರಿಸಿ, ಶಾಲು, ಮಗುವಿನ ಕುಲಾವಿ, ಬ್ಯಾಗು ಮಾಡಿ ಹಾಕೋ ಹುಡುಗಿಯರು, ಅಕ್ಕಂದಿರು ಈಗ ಎಷ್ಟು ಜನ ಇದ್ದಾರೆ! ಫೋಟೋ ಕೆಳಗೆ ಬರೋ ಮಾತೂ ನಿಮಗೆ ಗೊತ್ತು: 'ಅಕ್ಕಾ, ಇಷ್ಟೊಂದಾ? ಆನ್‌ಲೈನಲ್ಲಿ 399ಕ್ಕೇ ಸಿಗುತ್ತೆ.'

ಆ 399ರ ಬಗ್ಗೆ ಒಂದು ಮಾತು. ಹೆಣಿಗೆಗೆ ಯಂತ್ರ ಇದೆ. 1589ರಲ್ಲೇ ವಿಲಿಯಂ ಲೀ ಅನ್ನೋ ಇಂಗ್ಲಿಷ್ ಪಾದ್ರಿ ಕಾಲುಚೀಲ ಹೆಣೆಯೋ ಯಂತ್ರ ಮಾಡಿದ್ದ. ಆದ್ರೆ ಕ್ರೋಶದ ಕಥೆ ಬೇರೆ. ಕ್ರೋಶದ ಹಾಗೆ ಕಾಣೋ ಬಟ್ಟೆ ಯಂತ್ರದಲ್ಲಿ ಬರುತ್ತೆ, ನಿಜವಾದ ಕ್ರೋಶವನ್ನ ಕಾರ್ಖಾನೆ ಲೆಕ್ಕದಲ್ಲಿ ಹಾಕೋ ಯಂತ್ರ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಹಾಗಾಗಿ 399ಕ್ಕೆ ಸಿಕ್ಕ ಆ ಶಾಲು ನಿಜವಾದ ಕ್ರೋಶವೇ ಆಗಿದ್ರೆ ಅದನ್ನೂ ಎಲ್ಲೋ ಒಬ್ಬರು ಕೈಯಲ್ಲೇ ಹಾಕಿದ್ದಾರೆ. ಆ ಕಡಿಮೆ ಬೆಲೆಯನ್ನ ಯಾವ ಯಂತ್ರವೂ ತಂದಿಲ್ಲ. ಯಾರದ್ದೋ ಲೆಕ್ಕಕ್ಕೆ ಬಾರದ ಗಂಟೆಗಳು ತಂದಿವೆ.

ಬನ್ನಿ, ಬಿ.ಕಾಂ ಬುದ್ಧಿ ಉಪಯೋಗಿಸೋಣ. ಉದಾಹರಣೆಗೆ ಒಂದು ಲೇಸ್ ಶಾಲಿಗೆ 60 ಗಂಟೆ ಹಿಡೀತು, ನೂಲಿಗೆ 600 ರೂಪಾಯಿ ಆಯ್ತು ಅಂದ್ಕೊಳ್ಳಿ. 1,200ಕ್ಕೆ ಮಾರಿದ್ರಿ. 'ಡಬಲ್ ಆಯ್ತು' ಅಂತ ಖುಷಿ. ನೂಲಿನ ದುಡ್ಡು ಕಳೀರಿ, ಉಳಿದದ್ದು 600. ಅದನ್ನ 60 ಗಂಟೆಗೆ ಭಾಗಿಸಿ. ಗಂಟೆಗೆ 10 ರೂಪಾಯಿ. ಎಂಟು ಗಂಟೆಯ ದಿನಕ್ಕೆ 80.

ಈಗ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಕೆರೆ ಹೂಳೆತ್ತೋ ಕೆಲಸಕ್ಕೆ ಸರ್ಕಾರ ಬರೆದಿಟ್ಟ ದರ ಅದು. ಅದೇ ದರ ನಿಮ್ಮ ಕೈಕೆಲಸಕ್ಕೂ ಹಾಕಿ. 60 ಗಂಟೆ ಅಂದ್ರೆ ಏಳೂವರೆ ದಿನ, 2,775 ರೂಪಾಯಿ. ನೂಲು ಸೇರಿಸಿದ್ರೆ 3,375. ಇದರಲ್ಲಿ ಡಿಸೈನ್ ಮಾಡಿದ ಬುದ್ಧಿಗೆ ಕಾಸಿಲ್ಲ, ಬಿಚ್ಚಿ ಮತ್ತೆ ಹೆಣೆದದ್ದಕ್ಕೆ ಕಾಸಿಲ್ಲ, ಲಾಭ ಇಲ್ಲ. ಬರೀ ಕೂಲಿ. 1,200ಕ್ಕೆ ಮಾರಿದಾಗ ನೀವು 2,175 ರೂಪಾಯಿಯನ್ನ ಗಿರಾಕಿಗೆ ಉಡುಗೊರೆ ಕೊಟ್ರಿ. ಕೊಡಬಾರದು ಅಂತಲ್ಲ. ಕೊಡ್ತಿದ್ದೀವಿ ಅಂತ ಗೊತ್ತಿರಬೇಕು.

'3,375ಕ್ಕೆ ಯಾರು ತಗೋತಾರೆ?' ನ್ಯಾಯವಾದ ಪ್ರಶ್ನೆ. ಬಹುಶಃ ಎಲ್ಲರೂ ತಗೊಳಲ್ಲ. ಅದಕ್ಕೆ ದಾರಿಗಳಿವೆ. ಕಮ್ಮಿ ಗಂಟೆಯ ಡಿಸೈನ್ ಮಾಡಬಹುದು. ಶಾಲಿನ ಬದಲು ಡಿಸೈನನ್ನೇ ಮಾರಬಹುದು. 2007ರಲ್ಲಿ ಶುರುವಾದ ರ‍್ಯಾವೆಲ್ರಿಯಂಥ ವೆಬ್‌ಸೈಟುಗಳಲ್ಲಿ ಹೆಣಿಗೆಯ ವಿನ್ಯಾಸವನ್ನ ಪಿಡಿಎಫ್ ಮಾಡಿ ಮಾರೋರು ಪ್ರಪಂಚದ ತುಂಬ ಇದ್ದಾರೆ. ಒಂದು ಸಲ ಬರೆದದ್ದು ನೂರು ಸಲ ಮಾರಾಟ ಆಗುತ್ತೆ. ಶೆಟ್ಲೆಂಡಿನ ಅಜ್ಜಿಯ ನೆನಪಿನಲ್ಲೇ ಉಳಿದಿದ್ದ ಆ ಲೆಕ್ಕ ಈಗ ಆಸ್ತಿ ಆಗಬಹುದು. ಊರಿನ ಹತ್ತು ಜನ ಹೆಣೆಯೋರು ಒಂದು ವಾಟ್ಸಾಪ್ ಗುಂಪು ಮಾಡಿ, ಇದಕ್ಕಿಂತ ಕೆಳಗೆ ಇಳಿಯಲ್ಲ ಅಂತ ಒಂದು ದರ ಒಪ್ಕೊಳ್ಳಬಹುದು. ರಾಮನಗರದ ಹರಾಜು ಕಟ್ಟೆ ಕಲಿಸೋ ಪಾಠ ಅದೇ. ಬೆಲೆ ಎಲ್ಲರಿಗೂ ಕಾಣುವಂತಿದ್ರೆ ಒಬ್ಬೊಬ್ಬರಾಗಿ ಸೋಲೋದು ತಪ್ಪುತ್ತೆ.

ಆದ್ರೆ ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದು ತುಂಬ ಸಣ್ಣ ಕೆಲಸ. ಗಂಟೆ ಬರೆದಿಡಿ. ಫೋನಿನ ನೋಟ್ಸ್‌ನಲ್ಲಿ ಆಗಲಿ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಾಗಲಿ. ಕೂತಾಗ ಟೈಮ್ ಬರೀರಿ, ಎದ್ದಾಗ ಟೈಮ್ ಬರೀರಿ. 1872ರ ವಿಚಾರಣೆಯಲ್ಲಿ ಆ ಹೆಂಗಸರು ಬಾಯಿ ಬಿಟ್ಟು ಹೇಳಿದ್ದಕ್ಕೇ, ಅದನ್ನ ಯಾರೋ ಬರೆದುಕೊಂಡದ್ದಕ್ಕೇ, ಇವತ್ತು ನಮಗೆ ಅವರ ಕಥೆ ಗೊತ್ತು. ಬರೆಯದೆ ಇದ್ದ ಗಂಟೆಗೆ ಯಾವ ಕಾನೂನೂ ಕೂಲಿ ಕೊಡಿಸಲ್ಲ.

ಹುಳು ಸಾಕೋ ಮನೆಯವರಾದ್ರೆ ಈ ಸಲ ನಾಲ್ಕನೇ ಜ್ವರ ಎದ್ದ ದಿನದಿಂದ ಗೂಡು ಕಟ್ಟೋವರೆಗೆ ಅಮ್ಮ ಎಷ್ಟು ಗಂಟೆ ನಿಂತಿದ್ರು ಅಂತ ನೀವೇ ಬರೆದಿಡಿ. ಹರಾಜು ಮುಗಿಸಿ ಅಪ್ಪ ಬಿಲ್ ತಂದ ದಿನ ಆ ಚೀಟಿಯನ್ನೂ ಅದರ ಪಕ್ಕದಲ್ಲಿ ಇಡಿ. ಮಾತಾಡೋ ಅಗತ್ಯ ಇಲ್ಲ. ಎರಡೂ ಲೆಕ್ಕ ಒಟ್ಟಿಗೆ ಕಂಡ್ರೆ ಸಾಕು.